ಒಂದು ತೊಟ್ಟೂ ಸೋರದ ತಮ್ಮ ಹೆಡ್‌ಫೋನಿನ ವಿಷಯವಾಗಿ

ಮುಖ್ಯ ವಿನ್ಯಾಸಕರು,
ಬೆನ್ನು ಮುಚ್ಚಿದ ಹೆಡ್‌ಫೋನುಗಳ ವಿಭಾಗ,
ತಮ್ಮ ಘನ ಕಂಪನಿ, ಇವರ ಸನ್ನಿಧಾನಕ್ಕೆ

ಮಾನ್ಯರೇ,

ತಾವು, ತಮ್ಮ ಸಹೋದ್ಯೋಗಿಗಳು, ತಮ್ಮ ಪ್ರಯೋಗಾಲಯದಲ್ಲಿ ಸದ್ದನ್ನು ಅಳೆಯುವ ಯಂತ್ರಗಳು ಮತ್ತು ಆ ಯಂತ್ರಗಳ ಮೇಲಿನ ಧೂಳು ಒರೆಸುವವರು, ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿ, ಪರದೆ ಹೊಲಿದು ಬದುಕುವ ಒಬ್ಬ ಹೆಂಗಸು ಕೈಮುಗಿದು ಬರೆದುಕೊಳ್ಳುವ ದೂರು ಇದು. ದೂರು ಎಂದ ಕೂಡಲೇ ತಾವು ಗಾಬರಿಯಾಗಿ ದುರಸ್ತಿ ವಿಭಾಗದವರನ್ನು ಕರೆಯಬೇಕಾಗಿಲ್ಲ. ನಾನು ಕೊಂಡ ತಮ್ಮ ಹೆಡ್‌ಫೋನು ಕೆಟ್ಟಿಲ್ಲ, ಮುರಿದಿಲ್ಲ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಮೌನವ್ರತ ಹಿಡಿದಿಲ್ಲ. ಪೆಟ್ಟಿಗೆಯ ಮೇಲೆ ತಾವು ಏನೇನು ಅಚ್ಚು ಹಾಕಿಸಿದ್ದೀರೋ ಅದಷ್ಟನ್ನೂ ಅದು ಅಕ್ಷರಶಃ ಮಾಡುತ್ತದೆ, ಮತ್ತು ನನ್ನ ದೂರು ಇರುವುದು ಸರಿಯಾಗಿ ಅದರ ಬಗ್ಗೆಯೇ.

ಮೊದಲಿಗೆ ನಮ್ಮ ಪರಿಚಯ. ಅಂಗಡಿ ನಮ್ಮಿಬ್ಬರದು, ಅಂದರೆ ನನ್ನದು ಮತ್ತು ನಮ್ಮ ಅಕ್ಕನದು. ಒಂದೇ ಉದ್ದನೆಯ ಮೇಜು, ಅದರ ಮೇಲೆ ಅಕ್ಕಪಕ್ಕ ಎರಡು ಮೋಟರ್ ಹೊಲಿಗೆ ಯಂತ್ರ, ನನ್ನ ಎಡಕ್ಕೆ ಅಕ್ಕ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ನಾವು ಹೊಲಿದದ್ದನ್ನು ಹೆಗಲ ಮೇಲೆ ಹೊತ್ತೊಯ್ದು ಏಣಿ ಹತ್ತಿ ತೂಗುಹಾಕುವವರು. ಅವರು ಮಾತು ಕಡಿಮೆ ಮನುಷ್ಯ. ಅಂಗಡಿಗೆ ಬೇಕಾದ ಮಾತನ್ನೆಲ್ಲ ಅಕ್ಕ ಒಬ್ಬಳೇ ಪೂರೈಸುವುದರಿಂದ ಅವರಿಗೂ ನನಗೂ ಆ ಕೊರತೆ ಎಂದೂ ಕಾಡಿದ್ದಿಲ್ಲ.

ನಮ್ಮ ತಲೆಯ ಮೇಲೆ, ಮಹಡಿಯಲ್ಲಿ, ಒಂದು ವ್ಯಾಯಾಮಶಾಲೆಯಿತ್ತು. ಅಲ್ಲಿ ಭಾರ ಎತ್ತುವವರ ಹುರುಪಿಗೆಂದು ಹಾಕುತ್ತಿದ್ದ ಎಲೆಕ್ಟ್ರಾನಿಕ್ ಡಾನ್ಸ್ ಮ್ಯೂಸಿಕ್ಕು ಚಾವಣಿಯನ್ನು ದಾಟಿ ನಮ್ಮ ನೆತ್ತಿಯ ಮೇಲೆ ಧಂ ಧಂ ಎಂದು ಬೀಳುತ್ತಿತ್ತು, ಮತ್ತು ನಾವಿಬ್ಬರೂ ವರ್ಷಗಟ್ಟಲೆ ಅದನ್ನು ಶಪಿಸುತ್ತಲೇ ನೆರಿಗೆ ಹಿಡಿಯುತ್ತಿದ್ದೆವು. ನಮ್ಮ ಮನೆತನದಲ್ಲಿ ನೆರಿಗೆಗೆ ಟೇಪು ಹಿಡಿಯುವುದೆಂದರೆ ಅವಮಾನ, ಸೀಮೆಸುಣ್ಣದ ಗುರುತು ಹಾಕುವುದೆಂದರೆ ಅದಕ್ಕಿಂತ ದೊಡ್ಡ ಅವಮಾನ. ಯಂತ್ರ ಓಡುತ್ತಿರಬೇಕು, ಬಟ್ಟೆ ಸರಿಯುತ್ತಿರಬೇಕು, ಬೆರಳು ತಾನಾಗಿಯೇ ಮಡಿಸಿ ಸೂಜಿಯ ಕೆಳಗೆ ತಳ್ಳುತ್ತಿರಬೇಕು. ಕಣ್ಣಳತೆ, ಕೈಯಳತೆ ಎಂದು ಅಕ್ಕ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು, ನಾನೂ ಪಕ್ಕದಲ್ಲಿ ಗಂಭೀರವಾಗಿ ಕುಳಿತಿರುತ್ತಿದ್ದೆ.

ಒಂದು ದಿನ ವ್ಯಾಯಾಮಶಾಲೆ ಬೇರೆ ಬೀದಿಗೆ ಹೋಯಿತು. ಪೀಡೆ ತೊಲಗಿತು ಎಂದು ಅಕ್ಕ ಎಲ್ಲರಿಗೂ ಟೀ ತರಿಸಿದಳು. ಆ ಟೀ ಆರುವ ಮೊದಲೇ ನನಗೊಂದು ಸಂಗತಿ ಗೊತ್ತಾಯಿತು: ನನ್ನ ಬೆರಳು ನೆರಿಗೆ ಹಿಡಿಯುತ್ತಿಲ್ಲ. ಒಂದು ನೆರಿಗೆ ಅಗಲ, ಇನ್ನೊಂದು ಕಿರಿದು, ಮೂರನೆಯದು ಇರಲೋ ಬೇಡವೋ ಎಂಬಂತೆ. ಮನೆತನದ ಕೈಯಳತೆ ಎಂದು ನಾನು ಬೀಗುತ್ತಿದ್ದದ್ದು ಮಹಡಿಯ ಮೇಲಿನವರ ಧಂ ಧಂ ಲೆಕ್ಕವಾಗಿತ್ತು! ಯಾರಿಗೂ ಹೇಳದೆ ಆ ಹೊಸ ಬೀದಿಗೆ ಹೋಗಿ, ಬಂಡೆ ಎಂದು ನಾವು ಅಡ್ಡಹೆಸರಿಟ್ಟಿದ್ದ ಅಲ್ಲಿನ ತರಬೇತುದಾರನನ್ನು ಹಿಡಿದು, ಆ ಹಾಡುಗಳನ್ನು ಫೋನಿಗೆ ಹಾಕಿಸಿಕೊಂಡೆ. ಬಂಡೆ ಹುಬ್ಬೇರಿಸಿ, “ಆಂಟಿ, ನೀವೇ ಅಲ್ವಾ ಪೊಲೀಸ್ ಕರೀತೀನಿ ಅಂತಿದ್ದಿದ್ದು?” ಎಂದು ಕೇಳಿದನಾದರೂ, ಹಾಡು ಕೊಟ್ಟ, ಜೊತೆಗೆ ಗಾಳಿಯಾಡುತ್ತದೆ ಎಂದು ಬೆನ್ನು ತೆರೆದ ಹೆಡ್‌ಫೋನೊಂದನ್ನೂ ಕೊಡಿಸಿದ.

ಮಾನ್ಯರೇ, ಬೆನ್ನು ತೆರೆದದ್ದು ಎಂದರೇನೆಂದು ತಮಗೆ ನಾನು ಹೇಳುವುದು ಮೀನಿಗೆ ಈಜು ಕಲಿಸಿದಂತೆ. ಆದರೂ ಈ ಪತ್ರ ಬಹಿರಂಗವಾದದ್ದರಿಂದ ಉಳಿದವರಿಗಾಗಿ ಹೇಳುತ್ತೇನೆ: ಅದರ ಹೊರಮೈ ಜಾಲರಿ, ಒಳಗಿನ ಹಾಡು ಅರ್ಧ ಕಿವಿಗೆ, ಅರ್ಧ ಊರಿಗೆ. ನನ್ನ ನೆರಿಗೆ ಸರಿಹೋಯಿತು, ಆದರೆ ಧಂ ಎನ್ನುವುದು ನನಗೆ ಉಳಿದು ಅದರ ಮೇಲಿನ ಟಿಸ್ಕು ಟಿಸ್ಕು ಮಾತ್ರ ಅಕ್ಕನ ಪಾಲಿಗೆ ಸೋರತೊಡಗಿತು. ಸರಿಯಾಗಿ ತಿರುಗಿಸದ ನಲ್ಲಿಯ ಪಕ್ಕ ಕೂತಂತಾಗುತ್ತದೆ ಎಂದು ಅಕ್ಕ ಮೊದಲು ನಗುತ್ತ ಹೇಳಿದಳು, ಆಮೇಲೆ ನಗದೆ ಹೇಳಿದಳು, ಕಡೆಗೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, “ನೋಡೇ, ಒಂದೋ ಆ ನಲ್ಲಿ ನಿಲ್ಲಿಸು, ಇಲ್ಲಾಂದ್ರೆ ನನ್ನ ಮೆಷಿನ್ನು ಎತ್ಕೊಂಡು ಮನೇಲೇ ಹೊಲ್ಕೋತೀನಿ” ಎಂದಳು. ಅಕ್ಕ ಸುಮ್ಮನೆ ಹೆದರಿಸುವವಳಲ್ಲ, ಹೇಳಿದರೆ ಮಾಡುವವಳು. ಲಂಗ ಹಾಕುತ್ತಿದ್ದ ಕಾಲದಿಂದ ನನ್ನ ಎಡಕ್ಕೆ ಕುಳಿತವಳು ಎದ್ದುಹೋದರೆ ಆ ಮೇಜು ಮೇಜಾಗಿ ಉಳಿಯುವುದಿಲ್ಲ, ಹಲಗೆಯಾಗುತ್ತದೆ. ನನಗೆ ನಿಜವಾಗಿಯೂ ಭಯವಾಯಿತು. ಹಾಡು ಬಿಟ್ಟರೆ ಕೈ ಹೋಗುತ್ತದೆ, ಹಾಡು ಹಿಡಿದರೆ ಅಕ್ಕ ಹೋಗುತ್ತಾಳೆ. ಅತ್ತ ದರಿ ಇತ್ತ ಪುಲಿ. ಹೀಗಾಗಿ, ಹಾವೂ ಸಾಯದೆ ಕೋಲೂ ಮುರಿಯದೆ ಇರಲೆಂದು, ಬೆನ್ನು ಮುಚ್ಚಿದ ಹೆಡ್‌ಫೋನು ಹುಡುಕಿಕೊಂಡು ಹೊರಟೆ.

ಆರಿಸುವುದು ಸುಲಭವಾಗಿತ್ತೆಂದು ತಾವು ಭಾವಿಸಬಾರದು. ಅಂಗಡಿಗೆ ನಾನು ಪರದೆ ಬಟ್ಟೆಯ ತುಂಡೊಂದನ್ನು ಒಯ್ದಿದ್ದೆ, ಏಕೆಂದರೆ ಕಿವಿ ಸುಳ್ಳು ಹೇಳಬಹುದು, ನನ್ನ ಬೆರಳು ಹೇಳುವುದಿಲ್ಲ. ಒಂದೊಂದೇ ಹೆಡ್‌ಫೋನು ಹಾಕಿ ಕೌಂಟರಿನ ಮೇಲೆ ಬಟ್ಟೆ ಮಡಿಸುತ್ತ ನಿಂತ ನನ್ನನ್ನು ನೋಡಿ, ದಾಡಿ ಬಿಟ್ಟ ಮಾರಾಟಗಾರ ಸಂಕೋಚದಿಂದ, “ಮೇಡಂ, ಬಟ್ಟೆ ಅಂಗಡಿ ಪಕ್ಕದ್ದು” ಎಂದ. ಅವನ ಸೌಜನ್ಯಕ್ಕೆ ನನ್ನ ಮೆಚ್ಚುಗೆಯನ್ನು ಇಲ್ಲಿಯೇ ದಾಖಲಿಸುತ್ತೇನೆ. ಅವನು ಮೊದಲು ಕೊಟ್ಟದ್ದರಲ್ಲಿ ಧಂ ಎನ್ನುವುದು ಎಷ್ಟು ಧಾರಾಳವಾಗಿತ್ತೆಂದರೆ, ಒಂದು ಧಂ ಮುಗಿಯುವ ಮೊದಲೇ ಇನ್ನೊಂದು ಅದರ ಮೈಮೇಲೆ ಬಿದ್ದು, ಹಾಡುವವಳು ಪಾಪ ಹಾಸಿಗೆಗಳ ರಾಶಿಯ ಕೆಳಗಿನಿಂದ ಕೂಗುತ್ತಿದ್ದಂತಿತ್ತು. ನನ್ನ ನೆರಿಗೆಗಳೂ ಒಂದರ ಮೇಲೊಂದು ಬಿದ್ದವು. ಎರಡನೆಯದು ತಲೆಯನ್ನು ಇಕ್ಕಳದಂತೆ ಹಿಡಿದು, ಹಾಡು ಮುಗಿಯುವ ಮೊದಲೇ ಮಾಡದ ತಪ್ಪನ್ನೂ ಒಪ್ಪಿಕೊಳ್ಳುವ ಮನಸ್ಸು ಬರಿಸಿತು. ಮೂರನೆಯದನ್ನು ಆತ ಬಹಳ ಪ್ರಾಮಾಣಿಕವಾದ ಹೆಡ್‌ಫೋನು ಎಂದು ಹೊಗಳಿದ. ಪ್ರಾಮಾಣಿಕವೇನೋ ಹೌದು, ಹಾಡು ಮಾಡಿದವರ ತಪ್ಪುಗಳೆಲ್ಲ ಬಿಡಿಬಿಡಿಯಾಗಿ ಕೇಳಿಸಿದವು, ಆದರೆ ಧಂ ಇರಬೇಕಾದಲ್ಲಿ ಯಾರೋ ಬಾಗಿಲು ತಟ್ಟಿ ಕ್ಷಮೆ ಕೇಳಿದಂತಿತ್ತು. ಕುಣಿಯುವ ಹಾಡಿಗೆ ಅಷ್ಟು ಪ್ರಾಮಾಣಿಕತೆ ಒಳ್ಳೆಯದಲ್ಲ.

ನಾಲ್ಕನೆಯದು ತಮ್ಮದು. ತಮ್ಮ ಹೆಡ್‌ಫೋನಿನಲ್ಲಿ ಧಂ ಎನ್ನುವುದು ಬಂತು, ಬಡಿಯಿತು, ಮರ್ಯಾದೆಯಿಂದ ಹೊರಟುಹೋಗಿ ಮುಂದಿನದಕ್ಕೆ ಜಾಗ ಬಿಟ್ಟಿತು. ಬಟ್ಟೆ ನನ್ನ ಬೆರಳ ಕೆಳಗೆ ಬೆಣ್ಣೆಯಾಯಿತು. ಕಿವಿಯ ಮೆತ್ತೆ ಬಿಗಿಯಾಗಿ ಕೂತರೂ ಹಿಂಡಲಿಲ್ಲ, ತಂತಿ ಕಳಚಿಡುವಂಥದ್ದಾದ್ದರಿಂದ ಹೊಲಿಗೆ ಯಂತ್ರ ಅದನ್ನು ನುಂಗಿದರೂ ಬೇರೆ ಹಾಕಬಹುದಾಗಿತ್ತು. ಕಡೆಯ ಪರೀಕ್ಷೆಗೆಂದು ಮಾರಾಟಗಾರನನ್ನು ಅಕ್ಕ ಕೂರುವಷ್ಟೇ ದೂರದಲ್ಲಿ, ನನ್ನ ಎಡಕ್ಕೆ, ಸ್ಟೂಲಿನ ಮೇಲೆ ಕೂರಿಸಿ ಸದ್ದನ್ನು ಪೂರ್ತಿ ಏರಿಸಿದೆ. ಅವನು ಕಿವಿಯಾನಿಸಿ ಕೇಳಿ ತುಟಿಯಲ್ಲಾಡಿಸಿದ. ಏನೆಂದು ನನಗೆ ಕೇಳಿಸಲಿಲ್ಲ, ಆದರೆ ಏನೂ ಕೇಳಿಸುತ್ತಿಲ್ಲ ಎಂದೇ ಅವನು ಹೇಳಿದ್ದೆಂದು ಮುಖದಲ್ಲಿ ಬರೆದಿತ್ತು. ಅವನ ಮಾತು ನನಗೆ ಕೇಳಿಸಲಿಲ್ಲ ಎಂಬುದನ್ನು ನಾನು ಆಗಲೇ ಯೋಚಿಸಬೇಕಾಗಿತ್ತು, ಯೋಚಿಸಲಿಲ್ಲ. ಹಳೆಯದನ್ನು ಅಲ್ಲೇ ಬದಲಿಗೆ ಕೊಟ್ಟು, ತಮ್ಮದನ್ನು ಎದೆಗವಚಿಕೊಂಡು ಬಂದೆ. ಪೆಟ್ಟಿಗೆಯ ಮೇಲೆ ಹೀಗೆಂದಿತ್ತು: “ಸಂಗೀತ ಮತ್ತು ನೀವು. ನಡುವೆ ಇನ್ಯಾರೂ ಇಲ್ಲ.”

ಮಾನ್ಯರೇ, ಇಷ್ಟು ನಿಷ್ಠೆಯಿಂದ ಕೊಟ್ಟ ಮಾತು ಉಳಿಸಿಕೊಳ್ಳುವವರನ್ನು ಮದುವೆಯಾದವರಲ್ಲೂ ನಾನು ಕಂಡಿಲ್ಲ. ನಡುವೆ ನಿಜವಾಗಿಯೂ ಯಾರೂ ಉಳಿಯಲಿಲ್ಲ. ಬೀದಿಯ ಹಾರ್ನು ಹೋಯಿತು, ಕೊಡೆ ರಿಪೇರಿಯವನ ಕೂಗು ಹೋಯಿತು, ಬಾಬಿನ್ನಿನ ಕೆಳದಾರ ಮುಗಿದಾಗ ಯಂತ್ರ ಹೊರಡಿಸುವ ಬರಿದಾದ ಸದ್ದೂ ಹೋಯಿತು. ದಂತವೈದ್ಯರ ಕೋಣೆಯ ಪರದೆಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಕೆಳದಾರವೇ ಇಲ್ಲದೆ ಹೊಲಿದು, ಮಡಿಸಲು ಎತ್ತಿದಾಗ ಅದು ಹಾಗೆಯೇ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಅದನ್ನು ನಾನು ಹೊಟ್ಟೆಗೆ ಹಾಕಿಕೊಂಡೆ. ಅಕ್ಕ ಸುಮ್ಮನಿದ್ದಾಳಲ್ಲ, ನಲ್ಲಿ ನಿಂತಿತಲ್ಲ ಎಂದು ನನಗೆ ಒಳಗೊಳಗೇ ಖುಷಿ. ಆದರೆ ಅಕ್ಕ ಸುಮ್ಮನಿರಲಿಲ್ಲ. ಅವಳು ಎಂದಿನಂತೆ ಮಾತಾಡುತ್ತಲೇ ಇದ್ದಳು, ನಾನು ಹಾಡಿಗೆ ತಕ್ಕಂತೆ ತಲೆಯಾಡಿಸುತ್ತಲೇ ಇದ್ದೆ, ಮತ್ತು ನನ್ನ ತಲೆಯಾಡಿಸುವಿಕೆಯನ್ನು ಅವಳು ಉತ್ತರವೆಂದು ತೆಗೆದುಕೊಳ್ಳುತ್ತಲೇ ಇದ್ದಳು.

ಈ ಸಂಗೀತದಲ್ಲಿ ಡ್ರಾಪ್ ಎಂದೊಂದಿದೆ, ತಮಗೆ ತಿಳಿದಿರುತ್ತದೆ. ಧಂ ಎನ್ನುವುದು ಇದ್ದಕ್ಕಿದ್ದಂತೆ ನಿಂತು, ಸದ್ದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಉಸಿರು ಕಟ್ಟುವಷ್ಟು ಹೊತ್ತು ಮೇಲೆ ನಿಂತು, ಆಮೇಲೆ ಎಲ್ಲ ಒಟ್ಟಿಗೆ ಬೀಳುತ್ತದೆ. ಧಂ ನಿಂತಾಗ ನಾನು ಪೆಡಲಿನಿಂದ ಕಾಲು ತೆಗೆದು ದಾರ ಕತ್ತರಿಸಿಕೊಳ್ಳುತ್ತೇನೆ, ಬಿದ್ದಾಗ ಮತ್ತೆ ಕಾಲಿಡುತ್ತೇನೆ. ಹಳೆಯ ಹೆಡ್‌ಫೋನಿದ್ದ ದಿನಗಳಲ್ಲಿ ನನ್ನ ಕತ್ತರಿಯೂ ಅಕ್ಕನ ಕತ್ತರಿಯೂ ಒಟ್ಟಿಗೇ ಕಚಕ್ ಎನ್ನುತ್ತಿದ್ದವು. ಒಡಹುಟ್ಟಿದವರ ಕೈ, ರಕ್ತದ ಗುಣ ಎಂದುಕೊಂಡು ನಾನು ಹಿಗ್ಗುತ್ತಿದ್ದೆ. ಹೊಸದು ಬಂದಮೇಲೆ ಅವು ಒಟ್ಟಿಗೆ ಕಚಕ್ ಎನ್ನುತ್ತಿವೆಯೋ ಇಲ್ಲವೋ ಎಂಬುದೂ ನನಗೆ ಕೇಳಿಸಲಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ನಾಟಕದ ಸಭಾಂಗಣದ ದೊಡ್ಡ ಪರದೆ. ಕಡುಗೆಂಪು ಮಖಮಲ್ಲು, ಎರಡು ಭಾಗ, ಬಲಗಡೆಯದು ನನಗೆ, ಎಡಗಡೆಯದು ಅಕ್ಕನಿಗೆ, ಇಬ್ಬರಿಗೂ ಸರಿಸಮ ಬಟ್ಟೆ. ಇಂಥ ಪರದೆಗಳನ್ನು ನಾವು ಹೀಗೆ ಹಂಚಿಕೊಂಡೇ ಹೊಲಿಯುವುದು. ಎರಡು ಭಾಗವೂ ಎಂದೂ ಒಂದು ಬೆರಳಿನಷ್ಟು ಹೆಚ್ಚುಕಡಿಮೆ ಆದದ್ದಿಲ್ಲವಾದ್ದರಿಂದ ಪಕ್ಕಪಕ್ಕ ಇಟ್ಟು ಅಳೆದೂ ನೋಡುವುದಿಲ್ಲ. ಅಳೆದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಭಾವ ಹೊತ್ತುಕೊಂಡು ಹೋಗಿ ಏಣಿ ಹತ್ತಿ, ಎರಡನ್ನೂ ಬದಿಗೆ ಸರಿಸಿ ತೂಗುಹಾಕಿ ಬಂದರು. ಮೊದಲ ಪ್ರದರ್ಶನಕ್ಕೆ ನಮಗೆ ಮುಂದಿನ ಸಾಲಿನಲ್ಲಿಯೇ ಕುರ್ಚಿ ಕೊಟ್ಟರು.

ಮೊದಲ ದೃಶ್ಯ ಮುಗಿಯಿತು. ಪರದೆ ಎಳೆಯುವವನು ಹಗ್ಗ ಎಳೆದ. ಎರಡು ಭಾಗಗಳೂ ರಾಜಗಾಂಭೀರ್ಯದಿಂದ ಹತ್ತಿರ ಬಂದವು, ಇನ್ನೂ ಹತ್ತಿರ ಬಂದವು, ಮತ್ತು ನಡುವೆ ಒಂದು ದೊಡ್ಡ ಮೊಳದಷ್ಟು ಜಾಗ ಬಿಟ್ಟು ನಿಂತುಬಿಟ್ಟವು. ಆ ಸಂದಿಯಲ್ಲಿ, ಆಗಷ್ಟೇ ವೀರಮರಣ ಹೊಂದಿದ್ದ ಸೇನಾಪತಿ ಎದ್ದು ಕೂತು ಬಾಳೆಹಣ್ಣು ಸುಲಿಯುತ್ತಿರುವುದು ಸಭೆಗೆಲ್ಲ ಕಾಣಿಸಿತು. ಅಲ್ಲಿಯವರೆಗೆ ಬಾರದಿದ್ದ ಚಪ್ಪಾಳೆ ಆಗ ಬಂತು. ಹಗ್ಗದವನು ಇನ್ನಷ್ಟು ಎಳೆದ, ಎಳೆದಷ್ಟೂ ಮೇಲಿನ ಸರಳು ಕಿರುಗುಟ್ಟಿತೇ ಹೊರತು ಬಟ್ಟೆ ಎಲ್ಲಿಂದ ಬರಬೇಕು? ಸಭಾಂಗಣದ ವ್ಯವಸ್ಥಾಪಕರು ನಮ್ಮತ್ತ ಬಗ್ಗಿ, ಇದು ಹೊಸ ಶೈಲಿಯೇ ಎಂದು ವಿನಯವಾಗಿ ವಿಚಾರಿಸಿದರು. ನಮ್ಮ ಭಾವ ಎದ್ದು ಹಿಂದಿನಿಂದ ವೇದಿಕೆಗೆ ಹೋಗಿ, ಸಂದಿಯ ಹಿಂದೆ ನಿಂತು, ಒಂದೊಂದು ಕೈಯಲ್ಲಿ ಒಂದೊಂದು ಅಂಚು ಹಿಡಿದು, ತಮ್ಮ ಹೊಟ್ಟೆಯ ಮೇಲೆ ಅವೆರಡನ್ನೂ ಕೂಡಿಸಿದರು. ಉಳಿದ ದೃಶ್ಯಗಳ ನಡುವೆಯೆಲ್ಲ ನಾಟಕದ ಮಾನ ಅವರ ಎರಡು ಮುಷ್ಟಿಯಲ್ಲಿತ್ತು.

ನಾನೂ ಅಕ್ಕನೂ ಸೂಜಿದಾರ, ಮಖಮಲ್ಲಿನ ಉಳಿದ ಪಟ್ಟಿ ಹಿಡಿದುಕೊಂಡು ಓಡಿಹೋಗಿ, ಭಾವನವರ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳ ಭಾಗಕ್ಕೆ ಆ ಪಟ್ಟಿಯನ್ನು ಜೋಡಿಸತೊಡಗಿದೆವು. ಕಿರಿದಾದದ್ದು ಅವಳ ಭಾಗವೇ. ನೆರಿಗೆಗಳು ಒತ್ತೊತ್ತಾಗಿ, ಹಲ್ಲು ಕಚ್ಚಿಕೊಂಡು ಹಿಡಿದಂತಿದ್ದವು. ಎತ್ತು ಏರಿಗೆ, ಕೋಣ ನೀರಿಗೆ ಎಳೆದದ್ದು ಹೇಗೆ ಎಂದು ನಾನು ಬಾಯಿಬಿಟ್ಟು ಕೇಳುವ ಮೊದಲೇ ಅಕ್ಕ, ಸೂಜಿಯಿಂದ ಕಣ್ಣೆತ್ತದೆ, “ನಾನು ಹೋದ್ರೆ ನಿಂಗೆ ಇಷ್ಟು ಖುಷಿ ಆಗುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ” ಎಂದಳು. ನಾನು ಏನೆಂದು ಕೇಳಿದೆ. “ಏನ್ ಹೇಳಿದ್ರೂ ನೀನು ಮಾತೇ ಆಡ್ತಿರ್ಲಿಲ್ಲ, ಅದಕ್ಕೇ ಕೇಳಿದ್ನಲ್ಲ ಅವತ್ತು, ನಾನು ಮೆಷಿನ್ನು ಮನೆಗೆ ತಗೊಂಡು ಹೋಗ್ಬಿಡ್ಲಾ ಅಂತ. ಬೇಡ ಅಂತೀಯೇನೋ ಅಂತ ಕೇಳ್ದೆ. ನೀನು ತಲೆ ಆಡಿಸ್ದೆ. ಒಂದು ಸಲ ಅಲ್ಲ, ಮೈಯೆಲ್ಲ ಅಲ್ಲಾಡಿಸ್ಕೊಂಡು ಆಡಿಸ್ದೆ. ಆಮೇಲೆ ನಗ್ತಾ ಎರಡೂ ಕೈ ಬೇರೆ ಮೇಲೆತ್ತಿದೆ.”

ಅದು ಡ್ರಾಪ್, ಮಾನ್ಯರೇ. ಅಕ್ಕ ತನ್ನ ಬದುಕಿನ ಅತಿ ಕಷ್ಟದ ಪ್ರಶ್ನೆಯನ್ನು ಕೇಳಿದ ಗಳಿಗೆಯಲ್ಲಿಯೇ ತಮ್ಮ ಹೆಡ್‌ಫೋನಿನಲ್ಲಿ ಡ್ರಾಪ್ ಬಿದ್ದಿತ್ತು, ಮತ್ತು ಅದನ್ನು ತಾವು ಅದೆಷ್ಟು ಅಮೋಘವಾಗಿ ಕೇಳಿಸಿದ್ದಿರೆಂದರೆ ನಾನು ಎರಡೂ ಕೈ ಎತ್ತಿದ್ದೆ. ಆ ಸಿಟ್ಟಿನಲ್ಲಿ ಅವಳು ಎಡಭಾಗವನ್ನು ಹೊಲಿದಿದ್ದಳು. ಆ ವೇದಿಕೆಯ ಹಲಗೆಯ ಮೇಲೆಯೇ ನನಗೆ ಅಳು ಬಂತು, ಹೆಡ್‌ಫೋನು ಕಣೇ ಅಕ್ಕಾ, ಕೇಳಿಸಿಯೇ ಇರಲಿಲ್ಲ ಎಂದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, ನಂಬಬೇಕೋ ಬೇಡವೋ ಎಂದು ತೂಗಿ, ಕಡೆಗೆ ದಾರವನ್ನು ಹಲ್ಲಿನಿಂದ ಕಡಿದು, ತನಗೇ ಹೇಳಿಕೊಂಡಂತೆ ಹೇಳಿದಳು: “ಬರೀ ಸಿಟ್ಟಲ್ಲ ಬಿಡು. ಆ ಹಳೇದು ಟಿಸ್ಕು ಟಿಸ್ಕು ಅಂತಿತ್ತಲ್ಲ, ನಾಲ್ಕು ಟಿಸ್ಕಿಗೊಂದು ನೆರಿಗೆ ಹಾಕ್ತಿದ್ದೆ. ನಂಗೂ ಗೊತ್ತಿರ್ಲಿಲ್ಲ. ನಿಂತ ಮೇಲೇ ಗೊತ್ತಾಗಿದ್ದು. ಹೋಗಿ ಅದನ್ನ ವಾಪಸ್ ತಗೊಂಡ್ ಬಾ.” ಕೈಯಳತೆಯ ಮನೆತನದ ಕೊನೆಯ ಕುಡಿಯೂ ಹೀಗೆ ಕಳಚಿಬಿತ್ತು, ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ ಆಗಲಿಲ್ಲ, ಮೇಲಿನಿಂದ ಭಾವ, “ಸ್ವಲ್ಪ ಬೇಗ ಹೊಲೀರಮ್ಮ, ಕೈ ಬಿದ್ದೋಗ್ತಿದೆ” ಎಂದರು.

ಹಳೆಯದು ವಾಪಸ್ ಸಿಗಲಿಲ್ಲ, ಯಾರೋ ಅದೃಷ್ಟವಂತರು ಕೊಂಡೊಯ್ದಿದ್ದರು. ಆದ್ದರಿಂದ ತಮ್ಮ ಕಂಪನಿಯ ಮುಂದೆ ನಾನು ಇಡುವ ಬೇಡಿಕೆ ಸಣ್ಣದು: ಬಲಗಡೆ ಪೂರ್ತಿ ಮುಚ್ಚಿರುವ, ಎಡಗಡೆ ಅಕ್ಕ ಕೂರುವಷ್ಟೇ ದೂರಕ್ಕೆ, ಅವಳಿಗೆ ಬೇಕಾದ ಟಿಸ್ಕನ್ನು ಮಾತ್ರ, ಅವಳ ಮನಸ್ಸು ಸರಿಯಿರುವ ಹೊತ್ತಿನಲ್ಲಿ ಮಾತ್ರ ಸೋರುವ ಹೆಡ್‌ಫೋನು ತಯಾರಿಸಿ ಕೊಡಬೇಕು. ಅದು ಹಾರ್ನನ್ನು ತಡೆದು ಬಾಬಿನ್ನಿನ ಸದ್ದನ್ನು ಒಳಗೆ ಬಿಡಬೇಕು. ಅಕ್ಕ ಗಿರಾಕಿಗಳನ್ನು ಬೈಯುವಾಗ ಮುಚ್ಚಿಕೊಂಡು, ನನ್ನನ್ನೇ ಏನಾದರೂ ಕೇಳಿದಾಗ, ಅದು ಎಷ್ಟೇ ಮೆಲ್ಲಗೆ ಕೇಳಿದ್ದಾದರೂ, ಡ್ರಾಪನ್ನು ಅರ್ಧಕ್ಕೇ ನಿಲ್ಲಿಸಿ ತೆರೆದುಕೊಳ್ಳಬೇಕು. ಅದಾಗುವವರೆಗೆ ಪೆಟ್ಟಿಗೆಯ ಮೇಲಿನ ತಮ್ಮ ಸುಂದರ ವಾಕ್ಯದ ಕೆಳಗೆ, ಈ ಸಾಧನವನ್ನು ಧರಿಸಿದವರು ತಲೆಯಾಡಿಸಿದರೆ ಅದನ್ನು ಒಪ್ಪಿಗೆಯೆಂದು ಪರಿಗಣಿಸತಕ್ಕದ್ದಲ್ಲ ಎಂಬ ಎಚ್ಚರಿಕೆಯನ್ನು, ಅಕ್ಕಂದಿರು ಕನ್ನಡಕವಿಲ್ಲದೆ ಓದಬಹುದಾದಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು.

ತಮ್ಮ ಸಂಶೋಧನೆಗೆ ಸಮಯ ಬೇಕಾಗುತ್ತದೆಂದು ನಾನು ಬಲ್ಲೆ, ಪರದೆಯ ಗಿರಾಕಿಗಳಿಗೆ ಅಷ್ಟು ತಾಳ್ಮೆಯಿಲ್ಲ. ಹೀಗಾಗಿ ಸದ್ಯಕ್ಕೆ ಪರದೆಗೆ ಕೊಂಡಿ ಸಿಕ್ಕಿಸಲೆಂದು ಹಿತ್ತಾಳೆ ಕಣ್ಣು ಕೂರಿಸುವ ನಮ್ಮ ಉಳಿಯನ್ನೇ ತಮ್ಮ ಹೆಡ್‌ಫೋನಿನ ಎಡಬೆನ್ನಿಗೆ ಇಟ್ಟು, ಅಕ್ಕ ಅಲುಗದಂತೆ ಹಿಡಿದುಕೊಂಡಳು, ನಾನು ಸುತ್ತಿಗೆಯಿಂದ ಹೊಡೆದೆ. ಎರಡು ಕಣ್ಣು, ಅಂಚಿಗೆ ಹೊಳೆಯುವ ಬಳೆ ಸಮೇತ, ಬಹಳ ಲಕ್ಷಣವಾಗಿ ಕೂತಿವೆ. ಎಡಗಿವಿಯ ಧಂ ಸ್ವಲ್ಪ ಬಡವಾಯಿತು, ನಿಜ. ಆದರೆ ಆ ಎರಡು ತೂತುಗಳಿಂದ ಅಕ್ಕನಿಗೆ ಟಿಸ್ಕು ಹೋಗುತ್ತದೆ, ನನಗೆ ಅಕ್ಕ ಬರುತ್ತಾಳೆ. ಅವಳ ಯಂತ್ರ ಮೇಜಿನ ಮೇಲೆಯೇ ಇದೆ. ನಿನ್ನೆ ಡ್ರಾಪಿಗೆ ಮುಂಚೆ ಎರಡು ಕತ್ತರಿ ಒಟ್ಟಿಗೇ ಕಚಕ್ ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ತೂತು ಹೊಡೆದ ಹೆಡ್‌ಫೋನಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದು ತಮ್ಮ ಕಾಗದದಲ್ಲಿದೆ. ಇದು ತೂತಲ್ಲ, ತಾವು ಬಿಟ್ಟುಹೋಗಿದ್ದ ಭಾಗವನ್ನು ನಾವು ಸೇರಿಸಿದ್ದೇವೆ ಎಂದು ದಯವಿಟ್ಟು ದೊಡ್ಡ ಮನಸ್ಸು ಮಾಡಿ ತಿಳಿಯಬೇಕಾಗಿ ವಿನಂತಿ.

ಬಲಗಿವಿಯ ಮಟ್ಟಿಗೆ ಪೂರ್ತಿಯಾಗಿ, ಎಡಗಿವಿಯ ಮಟ್ಟಿಗೆ ಎರಡು ಕಣ್ಣು ಕಡಿಮೆಯಾಗಿ,
ತಮ್ಮ ವಿಶ್ವಾಸಿ,
ಪರದೆ ಅಂಗಡಿಯ ತಂಗಿ

ಮರೆತ ಮಾತು: ಅಕ್ಕನೂ ನಾನೂ ಮತ್ತೆ ಬೆಳಗಿನಿಂದ ಸಂಜೆಯವರೆಗೆ ಎಡೆಬಿಡದೆ ಮಾತಾಡುವಂತಾಗಿರುವುದರಿಂದ, ನಮ್ಮ ಭಾವನವರು ತಮ್ಮ ಕಂಪನಿಯದೇ ಹೆಡ್‌ಫೋನೊಂದನ್ನು ತುರ್ತಾಗಿ ಕಳುಹಿಸಿಕೊಡಬೇಕೆಂದು ಕೋರಿದ್ದಾರೆ. ಎರಡೂ ಕಡೆ ಚೆನ್ನಾಗಿ ಮುಚ್ಚಿರಲಿ. ತಂತಿ ಬೇಡವಂತೆ, ಹಾಡೂ ಬೇಡವಂತೆ.